ಚಳಿಗೆ ಕಾರಿನ ಬಾಗಿಲು ಕಚ್ಚಿಕೊಂಡಿದೆಯಾ? ಎಳೆಯುವ ಮೊದಲು ಇದನ್ನು ಓದಿ

ಚಳಿಗಾಲ ಶುರುವಾದರೆ ಸಾಕು, ಓದುಗರಿಂದ ಈ ಪ್ರಶ್ನೆ ಬಂದೇ ಬರುತ್ತದೆ. "ರಾತ್ರಿ ಸರಿಯಾಗೇ ಇತ್ತು, ಬೆಳಿಗ್ಗೆ ನೋಡಿದರೆ ಬಾಗಿಲು ಬರ್ತಾನೇ ಇಲ್ಲ. ಬಿಸಿನೀರು ಸುರಿಯಬಹುದಾ?" ಇನ್ನು ಕೆಲವರು ಬಾಗಿಲಿನ ಹ್ಯಾಂಡಲ್ ಕೈಗೆ ಬಂದ ಮೇಲೆ ಬರೆಯುತ್ತಾರೆ. ಅಷ್ಟರಲ್ಲಿ ನಾನು ಹೇಳುವುದಕ್ಕೆ ಏನೂ ಉಳಿದಿರುವುದಿಲ್ಲ.

ಬಿಸಿನೀರು ಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ. ನೀವು ಇದನ್ನು ಕಾರಿನ ಪಕ್ಕದಲ್ಲೇ ನಿಂತು ಮೊಬೈಲಿನಲ್ಲಿ ಓದುತ್ತಿದ್ದರೆ, ಮೊದಲು ಹ್ಯಾಂಡಲ್ ಬಿಡಿ. ಬಾಗಿಲಿಗೆ ಬೆನ್ನು ಅಥವಾ ಭುಜ ಕೊಟ್ಟು ಒಳಕ್ಕೆ ಒತ್ತಿ. ನಾಲ್ಕೈದು ಸಲ, ಬೇರೆ ಬೇರೆ ಜಾಗದಲ್ಲಿ. ಆಮೇಲೆ ಮೆಲ್ಲಗೆ ತೆರೆದು ನೋಡಿ. ಸಾಮಾನ್ಯವಾಗಿ ಇಷ್ಟರಲ್ಲೇ ಕೆಲಸ ಮುಗಿಯುತ್ತದೆ. ಬಾಗಿಲು ಬಂದರೆ ಹಂತ 8ಕ್ಕೆ ಹೋಗಿ, ಬಾರದಿದ್ದರೆ ಮುಂದೆ ಓದಿ.

ಬಾಗಿಲು ಯಾಕೆ ಕಚ್ಚಿಕೊಳ್ಳುತ್ತದೆ?

ಕಾರಿನ ಬಾಗಿಲ ಸುತ್ತ ಕಪ್ಪು ರಬ್ಬರ್ ಪಟ್ಟಿ ಇರುತ್ತದಲ್ಲ, ಅದಕ್ಕೆ ಬೀಡಿಂಗ್ ಅನ್ನುತ್ತೇವೆ. ಬಾಗಿಲು ಮುಚ್ಚಿದಾಗ ಈ ಬೀಡಿಂಗ್ ಕಾರಿನ ಚೌಕಟ್ಟಿಗೆ ಒತ್ತಿಕೊಂಡು ಗಾಳಿ, ನೀರು ಒಳಗೆ ಬಾರದಂತೆ ತಡೆಯುತ್ತದೆ. ರಬ್ಬರಿಗೂ ಲೋಹಕ್ಕೂ ನಡುವೆ ತೆಳುವಾಗಿ ನೀರು ನಿಂತು, ತಾಪಮಾನ 0 ಡಿಗ್ರಿಗಿಂತ ಕೆಳಗಿಳಿದರೆ ಆ ನೀರೇ ಗೋಂದಾಗುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಬಾಗಿಲ ಸುತ್ತಳತೆ ಪೂರ್ತಿ ಅಂಟಿಕೊಂಡಿರುವುದರಿಂದ ಹಿಡಿತ ಮಾತ್ರ ಜೋರಾಗಿರುತ್ತದೆ.

ಈ ನೀರು ಬರುವುದು ಎಲ್ಲಿಂದ? ಮಳೆ ಬಂದು ಆಮೇಲೆ ಚಳಿ ಬಿದ್ದರೆ ಬರುತ್ತದೆ, ಅದು ಎಲ್ಲರಿಗೂ ಗೊತ್ತು. ಕಾರು ತೊಳೆಸಿ ಹಾಗೇ ನಿಲ್ಲಿಸಿದರೂ ಬರುತ್ತದೆ. ಜನ ಮರೆಯುವುದು ಮೂರನೆಯದನ್ನು. ಹಿಮ ಬಿದ್ದ ಕಾರನ್ನು ಹೀಟರ್ ಹಾಕಿಕೊಂಡು ಓಡಿಸುತ್ತೀರಿ. ಒಳಗಿನ ಬಿಸಿಗೆ ಮಾಡಿನ ಮೇಲಿದ್ದ ಹಿಮ ಕರಗಿ, ಬಾಗಿಲ ಸಂದಿಗೆ ಇಳಿಯುತ್ತದೆ. ಮನೆಗೆ ಬಂದು ಕಾರು ನಿಲ್ಲಿಸುತ್ತೀರಿ. ಅರ್ಧ ಗಂಟೆಯಲ್ಲಿ ಕಾರು ತಣ್ಣಗಾಗಿ ಆ ನೀರು ಗಡ್ಡೆಯಾಗುತ್ತದೆ. "ನಿನ್ನೆ ಮಳೆಯೇ ಇರಲಿಲ್ಲ, ಹೇಗೆ ಕಚ್ಚಿಕೊಂಡಿತು?" ಅನ್ನುವವರ ಕತೆ ಬಹುಪಾಲು ಇದೇ.

ಇನ್ನೊಂದು ವಿಷಯ. ಹವಾಮಾನ ವರದಿಯಲ್ಲಿ 2 ಡಿಗ್ರಿ ಅಂತ ಇದ್ದರೂ ಕಾರಿನ ಮೇಲೆ ಐಸ್ ಕಟ್ಟಬಹುದು. ಮೋಡವಿಲ್ಲದ ರಾತ್ರಿಯಲ್ಲಿ ಕಾರಿನ ಮೈ ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು, ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಹಾಗಾಗಿ ವರದಿಯಲ್ಲಿ ಸೊನ್ನೆ ಕಾಣಲಿಲ್ಲ ಅಂತ ನಿಶ್ಚಿಂತೆಯಿಂದ ಇರಬೇಡಿ.

ಏನೇನು ಬೇಕು?

ದೊಡ್ಡ ಪಟ್ಟಿಯೇನಿಲ್ಲ. ಪ್ಲಾಸ್ಟಿಕ್ಕಿನ ಐಸ್ ಸ್ಕ್ರೇಪರ್, ಅಂದರೆ ಐಸ್ ಕೆರೆಯುವ ಚಪ್ಪಟೆ ಸಲಕರಣೆ. ಒಂದು ಮೆತ್ತನೆ ಬ್ರಷ್. ಎರಡು ಒಣ ಬಟ್ಟೆ. ಡೀ-ಐಸರ್ ಸ್ಪ್ರೇ, ಅಂದರೆ ಐಸ್ ಕರಗಿಸುವ ದ್ರವ. ಲಾಕಿಗೆಂದೇ ಬರುವ ಚಿಕ್ಕ ಡೀ-ಐಸರ್ ಟ್ಯೂಬ್. ಮುಂದಿನ ಸಲಕ್ಕೆ ಸಿಲಿಕೋನ್ ಸ್ಪ್ರೇ.

ಡೀ-ಐಸರ್ ಕೊಳ್ಳಲೇಬೇಕು ಅಂತಿಲ್ಲ. ಔಷಧಿ ಅಂಗಡಿಯಲ್ಲಿ ಸಿಗುವ 70 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೊಹಾಲನ್ನು ಸ್ಪ್ರೇ ಬಾಟಲಿಗೆ ಹಾಕಿದರೆ ಅದೇ ಡೀ-ಐಸರ್. ಗಾಯ ಒರೆಸಲು ಬಳಸುವ ಸ್ಪಿರಿಟ್ ಇದು. ಮನೆಯ ಫ್ರೀಜರಿನಲ್ಲಿ ರಾತ್ರಿಯಿಡೀ ಇಟ್ಟರೂ ಗಟ್ಟಿಯಾಗುವುದಿಲ್ಲ, ಬೇಕಾದರೆ ಇಟ್ಟು ನೋಡಿ. ಇದಕ್ಕೆ ನೀರು ಬೆರೆಸಬೇಡಿ. ನಿಮ್ಮ ಹತ್ತಿರ 99 ಪರ್ಸೆಂಟಿನದು ಇದ್ದರೆ ಮಾತ್ರ ಎರಡು ಪಾಲು ಆಲ್ಕೊಹಾಲಿಗೆ ಒಂದು ಪಾಲು ನೀರು ಸೇರಿಸಬಹುದು. ಇದು ಬೆಂಕಿ ಹಿಡಿಯುವ ವಸ್ತು. ಹಾಕಿದ ಜಾಗದ ಹತ್ತಿರ ಲೈಟರ್, ಸಿಗರೇಟು ತರಬೇಡಿ.

ಈ ಸಾಮಾನನ್ನೆಲ್ಲ ಎಲ್ಲಿಡಬೇಕು? ಮನೆಯ ಬಾಗಿಲ ಹತ್ತಿರ ಅಥವಾ ಕೈಚೀಲದಲ್ಲಿ. ಕಾರಿನ ಒಳಗಲ್ಲ! ನಗಬೇಡಿ. ಡೀ-ಐಸರ್ ಕಾರಿನೊಳಗೆ ಇಟ್ಟು, ಗಾಜಿನಾಚೆ ಅದನ್ನು ನೋಡುತ್ತಾ ನಿಂತವರಲ್ಲಿ ನಾನೂ ಒಬ್ಬ.

ಹಂತ 1: ಐಸ್ ಎಲ್ಲಿ ಕೂತಿದೆ ಅಂತ ಗುರುತಿಸಿ

ಎಲ್ಲರೂ ಬಿಡುವ ಹಂತ ಇದು. ಬಾಗಿಲು ತೆರೆಯುತ್ತಿಲ್ಲ ಅಂದರೆ ತೊಂದರೆ ಬೀಡಿಂಗಿನಲ್ಲಿರಬಹುದು, ಕೀ ಹಾಕುವ ಲಾಕಿನಲ್ಲಿರಬಹುದು, ಹ್ಯಾಂಡಲಿನಲ್ಲಿರಬಹುದು, ಬಾಗಿಲನ್ನು ಚೌಕಟ್ಟಿಗೆ ಹಿಡಿದಿಡುವ ಲ್ಯಾಚ್ ಅನ್ನೋ ಕೊಕ್ಕೆಯಲ್ಲಿರಬಹುದು. ಒಂದೊಂದಕ್ಕೂ ಮದ್ದು ಬೇರೆ. ಲಾಕಿನಲ್ಲಿ ಐಸ್ ಇದ್ದಾಗ ಬಾಗಿಲು ಗುದ್ದುತ್ತಾ ನಿಂತರೆ ಸುಮ್ನೆ ಕೈನೋವು.

ರಿಮೋಟ್ ಒತ್ತಿ, ಕಿವಿಗೊಟ್ಟು ಕೇಳಿ. "ಟಕ್" ಅಂತ ಲಾಕ್ ಬಿಚ್ಚಿದ ಸದ್ದು ಬಂತು, ಹ್ಯಾಂಡಲ್ ಎಂದಿನಂತೆ ಆಡುತ್ತಿದೆ, ಬಾಗಿಲು ಮಾತ್ರ ಅಲ್ಲಾಡುತ್ತಿಲ್ಲ ಅಂದರೆ ಅದು ಬೀಡಿಂಗ್. ಹಂತ 3 ನೋಡಿ. ಬಾಗಿಲಿನ ಒಂದು ಮೂಲೆ ಸ್ವಲ್ಪ ಬಿಟ್ಟು ಇನ್ನೊಂದು ಮೂಲೆ ಹಿಡಿದಿದ್ದರೂ ಇದೇ.

ಹ್ಯಾಂಡಲ್ಲೇ ಮೇಲೇಳುತ್ತಿಲ್ಲ, ಅಥವಾ ಎಳೆದರೆ ಹಾಗೇ ನಿಂತುಬಿಡುತ್ತದೆ, ತಾನಾಗಿ ಹಿಂದಕ್ಕೆ ಹೋಗುತ್ತಿಲ್ಲ ಅಂದರೆ ಐಸ್ ಇರುವುದು ಹ್ಯಾಂಡಲಿನ ಸಂದಿಯಲ್ಲಿ ಅಥವಾ ಅದರ ಒಳಗಿನ ಕಡ್ಡಿಯಲ್ಲಿ. ಹಂತ 6.

ಕೀ ತೂರುತ್ತಿಲ್ಲ ಅಥವಾ ತೂರಿದರೂ ತಿರುಗುತ್ತಿಲ್ಲ ಅಂದರೆ ಲಾಕ್. ಹಂತ 5.

ರಿಮೋಟ್ ಒತ್ತಿದರೆ ಯಾವ ಸದ್ದೂ ಇಲ್ಲ, ದೀಪವೂ ಮಿನುಗುತ್ತಿಲ್ಲವೇ? ಹಾಗಿದ್ದರೆ ಐಸಿಗಿಂತ ಮೊದಲು ಬ್ಯಾಟರಿ ಮೇಲೆ ಅನುಮಾನ ಪಡಿ. ರಿಮೋಟಿನೊಳಗಿನ ಬಿಲ್ಲೆಯಂಥ ಬ್ಯಾಟರಿ ಚಳಿಗೆ ಸೊರಗುತ್ತದೆ. ಒಳಜೇಬಿನಲ್ಲಿ ಐದು ನಿಮಿಷ ಇಟ್ಟು ಬೆಚ್ಚಗೆ ಮಾಡಿ, ಕಾರಿನ ಹತ್ತಿರ ಹಿಡಿದು ಮತ್ತೆ ಒತ್ತಿ. ಆಗಲೂ ಏನೂ ಇಲ್ಲ ಅಂದರೆ ಕಾರಿನ ಬ್ಯಾಟರಿಯೇ ಮಲಗಿರಬಹುದು. ಆಗ ಕೀಯಿಂದಲೇ ತೆರೆಯಬೇಕು.

"ನಮ್ಮ ಕಾರಿಗೆ ಕೀಯೇ ಇಲ್ಲವಲ್ಲ, ಬರೀ ಬಟನ್" ಅನ್ನಬೇಡಿ. ಇಂಥ ಹೆಚ್ಚಿನ ಕಾರುಗಳ ರಿಮೋಟಿನೊಳಗೆ ಒಂದು ಚಿಕ್ಕ ಲೋಹದ ಕೀ ಅಡಗಿರುತ್ತದೆ. ಪಕ್ಕದ ಚಿಕ್ಕ ಗುಂಡಿ ಒತ್ತಿ ಎಳೆದರೆ ಹೊರಗೆ ಬರುತ್ತದೆ. ಕೀ ತೂತು ಕೆಲವು ಕಾರುಗಳಲ್ಲಿ ಹ್ಯಾಂಡಲಿನ ತುದಿಯಲ್ಲಿರುವ ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಇರುತ್ತದೆ. ಇದನ್ನು ಒಂದು ಬೆಚ್ಚಗಿನ ದಿನ ಮ್ಯಾನುಯಲ್ ನೋಡಿ ಹುಡುಕಿಟ್ಟುಕೊಳ್ಳಿ. ಬೆರಳು ಮರಗಟ್ಟಿರುವಾಗ ಹುಡುಕುವ ಕೆಲಸ ಅಲ್ಲ ಇದು.

ಹಂತ 2: ಬೇರೆ ಬಾಗಿಲು ನೋಡಿ

ನಮಗೆ ಡ್ರೈವರ್ ಬಾಗಿಲ ಮೇಲೇ ಹಟ. ಉಳಿದ ಮೂರು ಬಾಗಿಲು, ಡಿಕ್ಕಿ ಎಲ್ಲವನ್ನೂ ಮೆಲ್ಲಗೆ ತೆರೆದು ನೋಡಿ. ಬಿಸಿಲು ಬಿದ್ದ ಕಡೆ, ಗಾಳಿ ಬೀಸದ ಕಡೆ, ಗೋಡೆ ಪಕ್ಕದ ಕಡೆ ಐಸ್ ಕಮ್ಮಿ ಇರುತ್ತದೆ. ಒಂದು ಬಾಗಿಲು ತೆರೆದರೆ ಸಾಕು, ಒಳಗೆ ಹೋಗಿ ಹೀಟರ್ ಹಾಕಿದರೆ ಉಳಿದವು ತಾವಾಗಿ ಬಿಡುತ್ತವೆ. ಹಿಂದಿನ ಸೀಟು ಮಡಚುವಂತಿದ್ದರೆ ಡಿಕ್ಕಿಯಿಂದಲೂ ಒಳಗೆ ಹೋಗಬಹುದು. ಅಕ್ಕಪಕ್ಕದವರು ನೋಡುತ್ತಾರೆ ಅಷ್ಟೇ.

ತೆರೆಯುವ ಮೊದಲು ಮಾಡಿನ ಮೇಲಿನ ಹಿಮವನ್ನು ಬ್ರಷ್ಷಿನಿಂದ ತಳ್ಳಿಬಿಡಿ. ಇಲ್ಲದಿದ್ದರೆ ಬಾಗಿಲು ತೆರೆದ ಕೂಡಲೇ ಅಷ್ಟೂ ಸೀಟಿನ ಮೇಲೆ ಬೀಳುತ್ತದೆ. ಅದು ಕರಗಿದರೆ ನಾಳೆಯ ಐಸಿಗೆ ಇವತ್ತೇ ನೀರು ತುಂಬಿಟ್ಟಂತೆ.

ಹಂತ 3: ಒತ್ತಿ, ಎಳೆಯಬೇಡಿ

ಈ ಹಂತವನ್ನು ಸ್ವಲ್ಪ ನಿಧಾನವಾಗಿ ಓದಿ. ಐಸ್ ಗಟ್ಟಿ, ಆದರೆ ಪೆಡಸು. ಹಪ್ಪಳದ ಹಾಗೆ, ಬಾಗುವುದಿಲ್ಲ, ಮುರಿಯುತ್ತದೆ. ರಬ್ಬರ್ ಇದಕ್ಕೆ ತದ್ವಿರುದ್ಧ, ಒತ್ತಿದರೆ ಕುಗ್ಗುತ್ತದೆ. ಬಾಗಿಲನ್ನು ಒಳಕ್ಕೆ ಒತ್ತಿದಾಗ ರಬ್ಬರ್ ಎರಡು ಮೂರು ಮಿಲಿಮೀಟರ್ ಒಳಗೆ ಹೋಗುತ್ತದೆ. ಐಸಿಗೆ ಅಷ್ಟು ಬಾಗುವ ಶಕ್ತಿ ಇಲ್ಲ, ಅಲ್ಲೇ ಸೀಳುತ್ತದೆ. ಅದೇ ಹೊರಕ್ಕೆ ಎಳೆದರೆ? ಐಸ್ ರಬ್ಬರನ್ನು ಬಿಗಿಯಾಗಿ ಹಿಡಿದಿರುತ್ತದೆ. ನೀವು ಎಳೆಯುವ ಬಲವೆಲ್ಲ ರಬ್ಬರಿನ ತೆಳು ಅಂಚಿನ ಮೇಲೆ, ಹ್ಯಾಂಡಲಿನ ಪ್ಲಾಸ್ಟಿಕ್ ಮೇಲೆ ಬೀಳುತ್ತದೆ. ಪ್ಲಾಸ್ಟಿಕ್ ಕೂಡ ಚಳಿಯಲ್ಲಿ ಪೆಡಸಾಗಿರುತ್ತದೆ. ಮೂರರಲ್ಲಿ ಯಾವುದು ಮೊದಲು ಹೋಗುತ್ತದೆ ಅನ್ನುವುದು ನಿಮ್ಮ ಅದೃಷ್ಟ.

ಮಾಡುವುದು ಹೀಗೆ. ಕಾಲು ಜಾರದಂತೆ ಗಟ್ಟಿಯಾಗಿ ಊರಿ ನಿಲ್ಲಿ. ನೆಲದ ಮೇಲೂ ಐಸ್ ಇರುತ್ತದೆ ಅನ್ನುವುದು ನೆನಪಿರಲಿ. ಅಂಗೈ ಅಥವಾ ಭುಜವನ್ನು ಬಾಗಿಲ ಅಂಚಿನ ಹತ್ತಿರ ಇಟ್ಟು ಮೈಭಾರ ಬಿಡಿ. ಎರಡು ಸೆಕೆಂಡ್ ಒತ್ತಿ, ಬಿಡಿ. ಹ್ಯಾಂಡಲಿನ ಪಕ್ಕದಿಂದ ಶುರುಮಾಡಿ, ಕೆಳಗಿನ ಮೂಲೆ, ಮೇಲಿನ ಮೂಲೆ, ಆಮೇಲೆ ಹಿಂಜಿನ ಕಡೆ, ಹೀಗೆ ಸುತ್ತ ಬನ್ನಿ. ಗಾಜಿನ ಮೇಲೆ ಒತ್ತಬೇಡಿ. ಬಾಗಿಲ ತಗಡಿನ ನಟ್ಟನಡುವೆಯೂ ಬೇಡ, ಅಲ್ಲಿ ತಗಡು ತೆಳು, ತಗ್ಗು ಬೀಳುತ್ತದೆ. ಐಸ್ ಒಡೆದರೆ ನಿಮಗೇ ಗೊತ್ತಾಗುತ್ತದೆ. ತೆಳು ಗಾಜು ತುಳಿದಂತೆ ಸಂದಿಯೊಳಗಿನಿಂದ ಚಟಪಟ ಸದ್ದು ಬರುತ್ತದೆ. ಸದ್ದು ಬಂದ ಜಾಗ ಬಿಟ್ಟು ಬಾರದ ಜಾಗದಲ್ಲಿ ಇನ್ನಷ್ಟು ಒತ್ತಿ.

ಆಮೇಲೆ ಹ್ಯಾಂಡಲ್ ಎತ್ತಿ, ನಿಧಾನವಾಗಿ ಹೊರಕ್ಕೆ ಎಳೆಯಿರಿ. ಜಗ್ಗುವುದಲ್ಲ, ಒಂದೇ ಸಮನೆ ಎಳೆಯುವುದು. ಮೇಲಿನ ಅಂಚನ್ನು ನೋಡುತ್ತಿರಿ. ಕಪ್ಪು ರಬ್ಬರ್ ಬಾಗಿಲ ಜೊತೆ ಬರುವ ಬದಲು ಚೌಕಟ್ಟಿಗೆ ಅಂಟಿಕೊಂಡು ಉದ್ದಕ್ಕೆ ಹಿಗ್ಗುತ್ತಿದ್ದರೆ ತಕ್ಷಣ ನಿಲ್ಲಿಸಿ. ಅದು ಹರಿಯುವ ಮುಂಚಿನ ಕ್ಷಣ. ಅಲ್ಲಿಗೆ ಡೀ-ಐಸರ್ ಹಾಕಿ. ಬೀಡಿಂಗ್ ಒಮ್ಮೆ ಹರಿದರೆ ಮಳೆನೀರು ಒಳಗೆ ಬರುತ್ತದೆ, ಗಾಳಿ ಸದ್ದು ಶುರುವಾಗುತ್ತದೆ, ಆ ಹರಿದ ಜಾಗದಲ್ಲೇ ನೀರು ನಿಂತು ಮುಂದಿನ ಚಳಿಗೆ ಇನ್ನೂ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ.

ಎರಡು ಬಗೆಯ ಬಾಗಿಲಿಗೆ ಬೇರೆ ಎಚ್ಚರಿಕೆ ಬೇಕು. ಮೊದಲನೆಯದು, ಗಾಜಿನ ಸುತ್ತ ಚೌಕಟ್ಟೇ ಇಲ್ಲದ ಬಾಗಿಲು. ಇಂಥ ಕಾರುಗಳಲ್ಲಿ ಹ್ಯಾಂಡಲ್ ಎತ್ತಿದ ಕೂಡಲೇ ಗಾಜು ತಾನಾಗಿ ಸ್ವಲ್ಪ ಕೆಳಗಿಳಿದು, ಮೇಲಿನ ರಬ್ಬರಿನಿಂದ ಬಿಡಿಸಿಕೊಳ್ಳುತ್ತದೆ. ಗಾಜು ಐಸಿನಲ್ಲಿ ಹಿಡಿದುಕೊಂಡಿದ್ದರೆ ಇಳಿಯುವುದಿಲ್ಲ. ಗಾಜು ಇಳಿಯದೆ ಬಾಗಿಲು ಎಳೆದರೆ ರಬ್ಬರ್ ಪಟ್ಟಿ ಕಿತ್ತುಬರಬಹುದು, ಗಾಜೂ ಒಡೆಯಬಹುದು. ಮೊದಲು ಗಾಜಿನ ಮೇಲಂಚಿಗೆ ಡೀ-ಐಸರ್ ಹಾಕಿ ಬಿಡಿಸಿಕೊಳ್ಳಿ. ಎರಡನೆಯದು, ಮೋಟಾರಿನಿಂದ ಪಕ್ಕಕ್ಕೆ ಸರಿಯುವ ಬಾಗಿಲು. ಅದು ಕಚ್ಚಿಕೊಂಡಾಗ ಬಟನ್ ಮೇಲೆ ಬಟನ್ ಒತ್ತಬೇಡಿ, ಮೋಟಾರಿಗೆ ಪೆಟ್ಟು. ಮುಂದಿನ ಬಾಗಿಲಿನಿಂದ ಒಳಗೆ ಹೋಗಿ, ಬೆಚ್ಚಗಾದ ಮೇಲೆ ತೆರೆಯಿರಿ.

ಹಂತ 4: ಕೆರೆಯಿರಿ, ಆಮೇಲೆ ಡೀ-ಐಸರ್ ಹಾಕಿ

ಸಂದಿಯ ಮೇಲೆ ಕಣ್ಣಿಗೆ ಕಾಣುವಷ್ಟು ದಪ್ಪ ಐಸ್ ಇದ್ದರೆ ಒತ್ತುವುದರಿಂದ ಮಾತ್ರ ಆಗುವುದಿಲ್ಲ. ಮುಷ್ಟಿಯ ಮೆತ್ತನೆ ಬದಿಯಿಂದ ಬಾಗಿಲ ಅಂಚಿನ ಉದ್ದಕ್ಕೂ ಹಗುರವಾಗಿ ತಟ್ಟಿ ಬಿರುಕು ಬಿಡಿಸಿ. ಆಮೇಲೆ ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಸಂದಿಯ ಗುಂಟ ಕೆರೆಯಿರಿ. ಚಾಕು, ಸ್ಕ್ರೂಡ್ರೈವರ್, ಸ್ಟೀಲ್ ಸೌಟು ಯಾವುದೂ ಬೇಡ. ಪೇಂಟ್ ಎದ್ದರೆ ಅಲ್ಲಿಂದಲೇ ತುಕ್ಕು ಶುರು. ಸಂದಿಗೆ ಏನಾದರೂ ತೂರಿಸಿ ಬಾಗಿಲು ಮೀಟುವುದಂತೂ ಬೇಡವೇ ಬೇಡ.

ಐಸ್ ತೆಳುವಾದ ಮೇಲೆ ಡೀ-ಐಸರ್ ಸ್ಪ್ರೇ ಮಾಡಿ. ಮೇಲಿನ ಅಂಚಿನಿಂದ ಶುರುಮಾಡಿದರೆ ದ್ರವ ತಾನಾಗಿ ಪಕ್ಕದ ಸಂದಿಗಳಿಗೆ ಇಳಿಯುತ್ತದೆ. ಎರಡು ಮೂರು ನಿಮಿಷ ಕಾಯಿರಿ. ಇಲ್ಲಿ ತಾಳ್ಮೆ ಕಳೆದುಕೊಳ್ಳುವವರೇ ಜಾಸ್ತಿ. ಆಮೇಲೆ ಮತ್ತೆ ಒತ್ತಿ, ಮತ್ತೆ ಮೆಲ್ಲಗೆ ಎಳೆಯಿರಿ. ಬೇಕಾದರೆ ಇನ್ನೊಮ್ಮೆ ಹಾಕಿ.

ಈಗ ಬಿಸಿನೀರಿನ ವಿಷಯ. ಸುರಿದ ಕೂಡಲೇ ಐಸ್ ಕರಗುತ್ತದೆ, ಸುಳ್ಳಲ್ಲ. ಆದರೆ ಆ ನೀರು ಎಲ್ಲಿಗೆ ಹೋಗುತ್ತದೆ? ಬಾಗಿಲಿನ ಒಳಗೆ, ಲಾಕಿನೊಳಗೆ, ಲ್ಯಾಚಿನೊಳಗೆ, ನಿಮ್ಮ ಕಾಲ ಕೆಳಗಿನ ನೆಲಕ್ಕೆ. ತಣ್ಣಗಿರುವ ಲೋಹ ಆ ಬಿಸಿಯನ್ನು ಕ್ಷಣದಲ್ಲಿ ಹೀರಿಬಿಡುತ್ತದೆ, ಸ್ವಲ್ಪ ಹೊತ್ತಿಗೆ ಮೊದಲಿಗಿಂತ ಜಾಸ್ತಿ ಐಸ್. ಮೈನಸ್ 10 ಡಿಗ್ರಿಯಲ್ಲಿರುವ ಗಾಜಿಗೆ ಕುದಿನೀರು ಬಿದ್ದರೆ ಬಿರುಕು ಬಿಡುವ ಅಪಾಯ ಬೇರೆ. "ಬೆಚ್ಚಗಿನ ನೀರಾದರೆ?" ಅಂತ ಕೇಳುತ್ತೀರಿ. ಗಾಜು ಉಳಿಯಬಹುದು, ಮಿಕ್ಕ ತೊಂದರೆಯೆಲ್ಲ ಹಾಗೇ ಇರುತ್ತದೆ. ಬಿಸಿನೀರೇ ಬೇಕೆಂದರೆ ಗಟ್ಟಿ ಬಿರಡೆಯ ರಬ್ಬರ್ ಚೀಲದಲ್ಲಿ ತುಂಬಿ, ಬಾಗಿಲ ಅಂಚಿಗೆ ಅಥವಾ ಹ್ಯಾಂಡಲಿಗೆ ಒತ್ತಿಹಿಡಿಯಿರಿ. ಶಾಖ ಸಿಗುತ್ತದೆ, ನೀರು ಚೆಲ್ಲುವುದಿಲ್ಲ.

ಇನ್ನು ಕೆಲವು ಮನೆಮದ್ದುಗಳು. ಉಪ್ಪುನೀರು ಐಸ್ ಕರಗಿಸುತ್ತದೆ, ಜೊತೆಗೆ ಲೋಹವನ್ನೂ ತಿನ್ನುತ್ತದೆ. ಬೇಡ. ಅಡುಗೆ ವಿನೆಗರ್ ಅಂತೂ ಹೆಸರಿಗೆ ಮಾತ್ರ. ಅದರಲ್ಲಿ ಆಮ್ಲ ಇರುವುದು 5 ಪರ್ಸೆಂಟಿನ ಆಸುಪಾಸು. ಅಷ್ಟರಿಂದ ನೀರು ಗಡ್ಡೆಕಟ್ಟುವ ಮಟ್ಟ ಎರಡು ಡಿಗ್ರಿಯೂ ಕೆಳಗಿಳಿಯುವುದಿಲ್ಲ. ಇಂಜಿನ್ನಿನ ಕೂಲಂಟ್ ಸುರಿಯುವವರೂ ಇದ್ದಾರೆ. ಅದರಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ನೆಲಕ್ಕೆ ಬಿದ್ದದ್ದನ್ನು ನಾಯಿ, ಬೆಕ್ಕು ನೆಕ್ಕಿದರೆ ಜೀವಕ್ಕೇ ಅಪಾಯ.

ಹಂತ 5: ಲಾಕ್ ಕಚ್ಚಿಕೊಂಡಿದ್ದರೆ

ಕೀ ತೂತಿನೊಳಗೆ ಸಣ್ಣ ಸಣ್ಣ ಪಿನ್ನುಗಳು ಅಥವಾ ತಗಡುಗಳು ಸ್ಪ್ರಿಂಗಿನ ಮೇಲೆ ಕೂತಿರುತ್ತವೆ. ಕೀ ತೂರಿದಾಗ ಅವು ಸರಿದು ಜಾಗ ಬಿಡಬೇಕು. ನಡುವೆ ಒಂದು ಹನಿ ನೀರು ಗಡ್ಡೆಕಟ್ಟಿದರೂ ಸರಿಯುವುದಿಲ್ಲ. ಬಲ ಹಾಕಿ ತಿರುಗಿಸಿದರೆ ಕೀ ಒಳಗೇ ಮುರಿದು ಉಳಿಯಬಹುದು. ಆಗ ಐಸ್ ಕರಗಿದರೂ ಪ್ರಯೋಜನವಿಲ್ಲ.

ಲಾಕ್ ಡೀ-ಐಸರ್ ಟ್ಯೂಬಿನ ಮೂತಿಯನ್ನು ತೂತಿಗೆ ಒತ್ತಿ ಹಿಂಡಿ. ಒಂದು ನಿಮಿಷ ಬಿಟ್ಟು ಕೀಯನ್ನು ಮೆಲ್ಲಗೆ ಒಳಗೆ ಹೊರಗೆ ಆಡಿಸಿ. ಪೂರ್ತಿ ಒಳಗೆ ಹೋದ ಮೇಲಷ್ಟೇ ತಿರುಗಿಸಿ. ಟ್ಯೂಬ್ ಇಲ್ಲವೇ? ಆಲ್ಕೊಹಾಲ್ ಇರುವ ಹ್ಯಾಂಡ್ ಸ್ಯಾನಿಟೈಸರ್ ಅನ್ನು ಕೀಗೆ ಸವರಿ ತೂರಿಸಿ, ತೆಗೆದು ಮತ್ತೆ ಸವರಿ. ನಾಲ್ಕೈದು ಸಲ ಮಾಡಿದರೆ ಬಿಡುವ ಸಾಧ್ಯತೆ ಚೆನ್ನಾಗಿದೆ. ಕೈಚೀಲದಲ್ಲಿ ಹೇಗೂ ಇರುತ್ತದೆ ಅಲ್ವಾ?

ಕೀಯನ್ನು ಲೈಟರಿನಿಂದ ಕಾಯಿಸಿ ತೂರಿಸುವುದು ಹಳೆ ಕಾಲದ ಉಪಾಯ. ಬರೀ ಲೋಹದ ಕೀ ಇದ್ದ ಕಾಲಕ್ಕೆ ಅದು ಸರಿ. ಈಗಿನ ಕೀಯ ಪ್ಲಾಸ್ಟಿಕ್ ತಲೆಯೊಳಗೆ ಚಿಪ್ ಇರುತ್ತದೆ. ಅದು ಸುಟ್ಟರೆ ಬಾಗಿಲು ತೆರೆದರೂ ಇಂಜಿನ್ ಸ್ಟಾರ್ಟ್ ಆಗುವುದಿಲ್ಲ. ಮುಷ್ಟಿಯಲ್ಲಿ ಹಿಡಿದು ಬೆಚ್ಚಗೆ ಮಾಡಿ, ಸಾಕು. ಬಾಯಿಂದ ಊದುವುದೂ ಬೇಡ. ಉಸಿರಿನ ತೇವ ಒಳಗೆ ಹೋಗಿ ಅಲ್ಲೇ ಐಸಾಗುತ್ತದೆ.

ಹಂತ 6: ಹ್ಯಾಂಡಲ್ ಮೇಲೇಳದಿದ್ದರೆ

ಹ್ಯಾಂಡಲ್ ಹಿಂದಿನ ಸಂದಿಗೆ, ಅದರ ಎರಡೂ ತುದಿಗೆ ಡೀ-ಐಸರ್ ಹಾಕಿ. ಬೆರಳಿನಿಂದ ಸ್ವಲ್ಪ ಸ್ವಲ್ಪವೇ ಆಡಿಸಿ. ನನ್ನ ಹಳೆಯ ಕಾರಿನಲ್ಲಿ ಒಮ್ಮೆ ಅವಸರಕ್ಕೆ ಜೋರಾಗಿ ಎಳೆದೆ. ಹ್ಯಾಂಡಲ್ ಅರ್ಧ ಕೈಯಲ್ಲಿ, ಅರ್ಧ ಬಾಗಿಲಲ್ಲಿ. ಇಡೀ ಚಳಿಗಾಲ ಪಕ್ಕದ ಸೀಟಿನಿಂದ ಹತ್ತಿ, ಗೇರ್ ದಾಟಿ ಕೂರುತ್ತಿದ್ದೆ.

ಬಾಗಿಲ ಮೈಗೆ ಸಮವಾಗಿ ಒಳಗೆ ಕೂರುವ ಹ್ಯಾಂಡಲ್ ಇರುವ ಕಾರಾದರೆ, ಅಂದರೆ ಬೇಕಾದಾಗ ಮಾತ್ರ ಹೊರಬರುವ ಬಗೆಯದು, ಹ್ಯಾಂಡಲಿನ ಸುತ್ತ ಮುಷ್ಟಿಯಿಂದ ಮೆಲ್ಲಗೆ ತಟ್ಟಿ ಮೇಲಿನ ಐಸ್ ಪದರ ಒಡೆಯಿರಿ. ಬೆರಳುಗುರು ಹಾಕಿ ಮೀಟಬೇಡಿ. ಇಂಥ ಕಾರುಗಳಿಗೆ ಮುಂದಿನ ಹಂತವೇ ಒಳ್ಳೆಯದು.

ಹಂತ 7: ಶಾಖ ಕೊಡುವುದು

ದೂರದಿಂದ ಸ್ಟಾರ್ಟ್ ಮಾಡುವ ಅಥವಾ ಮೊಬೈಲಿನಿಂದ ಹೀಟರ್ ಹಾಕುವ ಸೌಲಭ್ಯ ಇದ್ದರೆ ಹೊರಡುವ 15-20 ನಿಮಿಷ ಮೊದಲೇ ಹಾಕಿ. ಒಳಗಿನಿಂದ ಬರುವ ಬಿಸಿಯೇ ಬೀಡಿಂಗನ್ನು ಬಿಡಿಸುತ್ತದೆ. ಎಲೆಕ್ಟ್ರಿಕ್ ಕಾರನ್ನು ಚಾರ್ಜರಿಗೆ ಹಾಕಿರುವಾಗಲೇ ಬೆಚ್ಚಗೆ ಮಾಡಿದರೆ ಬ್ಯಾಟರಿ ಉಳಿಯುತ್ತದೆ.

ಪೆಟ್ರೋಲ್, ಡೀಸೆಲ್ ಕಾರಿನವರು ಇದನ್ನು ತಪ್ಪದೆ ಓದಿ. ಸ್ಟಾರ್ಟ್ ಮಾಡುವ ಮೊದಲು ಸೈಲೆನ್ಸರ್ ಕೊಳವೆಯ ಬಾಯಿ ಹಿಮದಲ್ಲಿ ಮುಚ್ಚಿಹೋಗಿದೆಯಾ ನೋಡಿ, ಬಿಡಿಸಿ. ಮುಚ್ಚಿದ್ದರೆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಕಾರಿನೊಳಗೆ ಸೇರುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಜೀವ ತೆಗೆಯುತ್ತದೆ. ಗ್ಯಾರೇಜಿನೊಳಗೆ, ಅದರ ಬಾಗಿಲು ತೆರೆದಿದ್ದರೂ, ಇಂಜಿನ್ ಓಡುತ್ತಾ ಬಿಡಬೇಡಿ.

ಹೇರ್ ಡ್ರೈಯರ್ ಬಳಸಬಹುದು, ಆದರೆ ಅದು ನನ್ನ ಕೊನೆಯ ಆಯ್ಕೆ. ಒದ್ದೆ ಹಿಮದಲ್ಲಿ ನಿಂತು ಕರೆಂಟಿನ ವಯರ್ ಎಳೆಯುವುದು ಖುಷಿಯ ಕೆಲಸವಲ್ಲ. ಸೂರಿನ ಕೆಳಗೆ, ಒಣ ನೆಲದಲ್ಲಿ ಕಾರು ಇದ್ದರೆ ಕಮ್ಮಿ ಬಿಸಿಗೆ ಇಟ್ಟು, ಒಂದೇ ಕಡೆ ಹಿಡಿಯದೆ ಆಡಿಸುತ್ತಾ ಬಳಸಿ. ಆಲ್ಕೊಹಾಲ್ ಹಾಕಿದ ಜಾಗಕ್ಕೆ ಬೇಡ. ಗ್ಯಾಸ್ ಬರ್ನರ್, ಬೆಂಕಿ ಇವುಗಳ ಹೆಸರನ್ನೂ ಎತ್ತಬೇಡಿ.

ಹಂತ 8: ತೆರೆದಾಯಿತು, ಇನ್ನೂ ಹೊರಡಬೇಡಿ

ಬಾಗಿಲು ತೆರೆದ ಖುಷಿಯಲ್ಲಿ ಕೂತು ಹೊರಟುಬಿಡುತ್ತೇವೆ. ಸಂಜೆ ಮತ್ತೆ ಅದೇ ಕತೆ. ಬೀಡಿಂಗನ್ನೂ ಅದು ಕೂರುವ ಚೌಕಟ್ಟನ್ನೂ ಒಣ ಬಟ್ಟೆಯಿಂದ ಒರೆಸಿ. ಒಡೆದ ಐಸ್ ಚೂರುಗಳು ಕೆಳಗಿನ ಹೊಸ್ತಿಲಲ್ಲಿ ಬಿದ್ದಿರುತ್ತವೆ, ಅವನ್ನು ಗುಡಿಸಿ ತೆಗೆಯಿರಿ. ಎರಡು ನಿಮಿಷದ ಕೆಲಸ.

ಇನ್ನೊಂದು ಸಮಸ್ಯೆ ಈಗ ಎದುರಾಗಬಹುದು. ಬಾಗಿಲು ತೆರೆಯುತ್ತದೆ, ಆದರೆ ಮುಚ್ಚುವುದಿಲ್ಲ. ಹಾಕಿದರೆ ಹಿಂದಕ್ಕೆ ಚಿಮ್ಮುತ್ತದೆ. ಬಾಗಿಲ ಅಂಚಿನಲ್ಲಿರುವ ಲ್ಯಾಚಿನ ಕೊಕ್ಕೆ ಐಸಿನಿಂದ ಅಲ್ಲಾಡದೆ ನಿಂತಿದೆ ಅಂತ ಅರ್ಥ. ಜೋರಾಗಿ ಬಡಿಯಬೇಡಿ. ಕೊಕ್ಕೆಯೊಳಗೆ ಡೀ-ಐಸರ್ ಹಾಕಿ, ಎರಡು ನಿಮಿಷ ಬಿಟ್ಟು, ಹೊರಗಿನ ಹ್ಯಾಂಡಲನ್ನು ಎತ್ತಿ ಎತ್ತಿ ಬಿಡುತ್ತಾ ಸ್ಕ್ರೂಡ್ರೈವರಿನ ತುದಿಯಿಂದ ಕೊಕ್ಕೆಯನ್ನು ಮೆಲ್ಲಗೆ ಆಡಿಸಿ. ಆಡಿಸುವಾಗ ಕೊಕ್ಕೆ "ಕಟಕ್" ಅಂತ ಮುಚ್ಚಿಕೊಂಡರೆ ಹಾಗೇ ಬಾಗಿಲು ಹಾಕಬೇಡಿ. ಹ್ಯಾಂಡಲ್ ಎತ್ತಿದರೆ ಅದು ಮತ್ತೆ ಬಿಚ್ಚಿಕೊಳ್ಳುತ್ತದೆ, ಆಮೇಲೆ ಹಾಕಿ. ಬಾಗಿಲು ಸರಿಯಾಗಿ ಕೂರದೆ ಹಗ್ಗ ಕಟ್ಟಿಕೊಂಡೋ ಕೈಯಲ್ಲಿ ಹಿಡಿದುಕೊಂಡೋ ಓಡಿಸುವ ಸಾಹಸ ಮಾತ್ರ ಬೇಡ. ತಿರುವಿನಲ್ಲಿ ತೆರೆದುಕೊಳ್ಳುತ್ತದೆ.

ಕಿಟಕಿ ಗಾಜು ಇಳಿಯುತ್ತಿಲ್ಲ ಅಂತ ಸ್ವಿಚ್ ಒತ್ತಿಹಿಡಿಯಬೇಡಿ. ಗಾಜು ಇಳಿಸುವ ಯಂತ್ರದ ತಂತಿ ಅಥವಾ ಪ್ಲಾಸ್ಟಿಕ್ ತುಂಡು ಮುರಿದು ಗಾಜು ಬಾಗಿಲೊಳಗೆ ಬೀಳುತ್ತದೆ. ಕಾರು ಬೆಚ್ಚಗಾಗುವವರೆಗೆ ಗಾಜಿನ ತಂಟೆಗೆ ಹೋಗಬೇಡಿ.

ಮತ್ತೆ ಆಗದಿರಲು: ಹಿಂದಿನ ಸಂಜೆಯ ಕೆಲಸ

ಬೀಡಿಂಗಿಗೆ ಸಿಲಿಕೋನ್ ಹಚ್ಚುವುದೇ ಇದರಲ್ಲಿ ಮುಖ್ಯ. ಸಿಲಿಕೋನ್ ಪದರ ನೀರನ್ನು ರಬ್ಬರಿಗೆ ಅಂಟಲು ಬಿಡುವುದಿಲ್ಲ, ರಬ್ಬರನ್ನೂ ಮೆತ್ತಗಿಡುತ್ತದೆ. ತಾಪಮಾನ ಸೊನ್ನೆಗಿಂತ ಮೇಲಿರುವ ಒಣ ದಿನ ನೋಡಿ. ಬೀಡಿಂಗನ್ನು ಒದ್ದೆ ಬಟ್ಟೆಯಿಂದ ಒರೆಸಿ ಧೂಳು ತೆಗೆಯಿರಿ, ಪೂರ್ತಿ ಒಣಗಲು ಬಿಡಿ. ಸಿಲಿಕೋನನ್ನು ನೇರ ಬಾಗಿಲಿಗೆ ಸ್ಪ್ರೇ ಮಾಡದೆ ಬಟ್ಟೆಗೆ ಹಾಕಿ ಸವರಿ. ಗಾಜಿಗೆ ತಾಗಿದರೆ ಮಸುಕಾಗುತ್ತದೆ, ಪೆಡಲ್ ಮೇಲೆ ಬಿದ್ದರೆ ಕಾಲು ಜಾರುತ್ತದೆ. ರಬ್ಬರಿನ ಮಡಿಕೆಯ ಒಳಗೂ ಬೆರಳಾಡಿಸಿ, ನೀರು ನಿಲ್ಲುವುದು ಅಲ್ಲೇ. ಚಳಿಗಾಲ ಶುರುವಾಗುವ ಮೊದಲೊಮ್ಮೆ, ಆಮೇಲೆ ತಿಂಗಳಿಗೊಮ್ಮೆ, ಕಾರು ತೊಳೆಸಿದಾಗೊಮ್ಮೆ.

ಸಿಲಿಕೋನ್ ಬದಲು ವ್ಯಾಸಲೀನ್, ಗ್ರೀಸ್, ಇಂಜಿನ್ ಆಯಿಲ್ ಹಚ್ಚಬಹುದಾ ಅಂತ ಕೇಳುವವರು ತುಂಬಾ ಜನ. ಹೆಚ್ಚಿನ ಕಾರುಗಳ ಬೀಡಿಂಗ್ ಇಪಿಡಿಎಂ ಅನ್ನುವ ರಬ್ಬರಿನದು. ಬಿಸಿಲು, ಮಳೆ ಎಲ್ಲ ತಡೆಯುತ್ತದೆ, ಪೆಟ್ರೋಲಿಯಂ ಎಣ್ಣೆ ಮಾತ್ರ ಅದಕ್ಕೆ ಆಗಿಬರುವುದಿಲ್ಲ. ಎಣ್ಣೆ ಹೀರಿ ಊದಿಕೊಂಡು ಹಾಳಾಗುತ್ತದೆ. ಅಡುಗೆ ಎಣ್ಣೆ ಅಂಟಂಟಾಗಿ ಧೂಳು ಹಿಡಿಯುತ್ತದೆ, ನಾಲ್ಕು ದಿನಕ್ಕೆ ಕಮಟು ವಾಸನೆ.

ಲಾಕಿಗೆ ಗ್ರಾಫೈಟ್ ಪುಡಿ ಅಥವಾ ಲಾಕಿಗೆಂದೇ ಮಾಡಿದ ಒಣ ಲೂಬ್ರಿಕಂಟ್ ಹಾಕಿ. ಎರಡರಲ್ಲಿ ಒಂದು ಮಾತ್ರ. ಗ್ರಾಫೈಟ್ ಮೇಲೆ ಎಣ್ಣೆ ಬಿದ್ದರೆ ಕೆಸರಾಗಿ ಲಾಕನ್ನೇ ಕಟ್ಟಿಬಿಡುತ್ತದೆ. ವರ್ಷವಿಡೀ ರಿಮೋಟಿನಿಂದಲೇ ತೆರೆಯುವವರು ತಿಂಗಳಿಗೊಮ್ಮೆಯಾದರೂ ಕೀ ಹಾಕಿ ತಿರುಗಿಸಿ. ಬಳಸದ ಲಾಕ್ ಬೇಕಾದ ದಿನ ಕೈಕೊಡುತ್ತದೆ.

ಬಾಗಿಲ ಕೆಳ ಅಂಚನ್ನು ಬಗ್ಗಿ ನೋಡಿ. ಒಳಗೆ ಇಳಿದ ನೀರು ಹೊರಹೋಗಲು ಅಲ್ಲಿ ಚಿಕ್ಕ ತೂತುಗಳಿರುತ್ತವೆ. ಮಣ್ಣು, ಎಲೆಚೂರು ಕಟ್ಟಿಕೊಂಡಿದ್ದರೆ ಹಲ್ಲುಕಡ್ಡಿಯಿಂದ ಬಿಡಿಸಿ. ತೂತು ಕಟ್ಟಿದ ಬಾಗಿಲಲ್ಲಿ ನೀರು ನಿಂತು, ಚಳಿಗೆ ಒಳಗಿನ ಕಡ್ಡಿ, ತಂತಿಗಳನ್ನೇ ಹಿಡಿದುಬಿಡುತ್ತದೆ. ನೀರು ಐಸಾದಾಗ ಸುಮಾರು 9 ಪರ್ಸೆಂಟ್ ಹಿಗ್ಗುತ್ತದೆ. ಇಕ್ಕಟ್ಟಾದ ಜಾಗದಲ್ಲಿ ಆ ಹಿಗ್ಗುವಿಕೆಯೇ ಸಾಕಷ್ಟು ಹಾನಿ ಮಾಡುತ್ತದೆ.

ರಾತ್ರಿ ಕಾರು ನಿಲ್ಲಿಸಿದ ಮೇಲೆ ಎಲ್ಲ ಬಾಗಿಲನ್ನೂ ಒಂದು ನಿಮಿಷ ತೆರೆದಿಡಿ. ಒಳಗಿನ ಬಿಸಿ, ತೇವ ಎರಡೂ ಹೊರಗೆ ಹೋಗುತ್ತವೆ. ಬೂಟಿನ ಹಿಮ ಕರಗಿ ತೊಯ್ದ ಮ್ಯಾಟನ್ನು ಮನೆಯೊಳಗೆ ತಂದು ಒಣಗಿಸಿ. ಮನೆ ಮುಟ್ಟುವ ಮುಂಚಿನ ಹತ್ತು ನಿಮಿಷ ಹೀಟರ್ ಜೊತೆ ಎಸಿಯನ್ನೂ ಹಾಕಿ, ಹೊರಗಿನ ಗಾಳಿ ಒಳಬರುವಂತೆ ಇಡಿ. ಚಳಿಗಾಲದಲ್ಲಿ ಎಸಿಯಾ ಅನ್ನಬೇಡಿ, ಗಾಳಿಯಲ್ಲಿರುವ ತೇವ ತೆಗೆಯುವುದು ಅದೇ. ಆದರೆ ಹೊರಗೆ ತೀರಾ ಚಳಿ ಇದ್ದರೆ ಎಸಿ ತಾನಾಗಿ ಕೆಲಸ ನಿಲ್ಲಿಸುತ್ತದೆ, ಅದು ಕೆಟ್ಟಿತು ಅಂತಲ್ಲ.

ಕಾರು ತೊಳೆಸಲೇಬೇಕೆಂದರೆ ಬೆಳಿಗ್ಗೆ ತೊಳೆಸಿ, ಸಂಜೆ ಬೇಡ. ತೊಳೆದ ಕೂಡಲೇ ಎಲ್ಲ ಬಾಗಿಲು, ಡಿಕ್ಕಿ ತೆರೆದು ಸಂದಿ ಒರೆಸಿ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಮರೆಯಬೇಡಿ, ಅದೂ ಕಚ್ಚಿಕೊಳ್ಳುತ್ತದೆ. ಎಲೆಕ್ಟ್ರಿಕ್ ಕಾರಿನ ಚಾರ್ಜಿಂಗ್ ಮುಚ್ಚಳವೂ ಅಷ್ಟೇ.

ನಿಲ್ಲಿಸುವಾಗ ಜಾಗ ಆರಿಸುವ ಅವಕಾಶ ಇದ್ದರೆ, ಬೆಳಗಿನ ಬಿಸಿಲು ಡ್ರೈವರ್ ಬಾಗಿಲಿಗೆ ಬೀಳುವಂತೆ ನಿಲ್ಲಿಸಿ. ಸೂರಿನಿಂದ ನೀರು ತೊಟ್ಟಿಕ್ಕುವ ಕಡೆ ಬೇಡ. ಕಾರಿಗೆ ಹೊದಿಕೆ ಹಾಕುವವರು ಹೊದಿಕೆಯೂ ಕಾರೂ ಒಣಗಿರುವಾಗ ಮಾತ್ರ ಹಾಕಿ. ಒದ್ದೆ ಹೊದಿಕೆ ಬೆಳಿಗ್ಗೆ ಕಾರಿನ ಮೈಗೇ ಅಂಟಿ, ಕೀಳಬೇಕಾಗುತ್ತದೆ. ಅಂಟಿಕೊಂಡರೆ ಅದನ್ನೂ ಎಳೆಯಬೇಡಿ, ಬಿಸಿಲು ಬರುವವರೆಗೆ ಬಿಟ್ಟುಬಿಡಿ.